ಹಾರ್ನ್ ಹೊಡೆದ ಹೊಲ

ಇದು ನನಗೇ ಆದದ್ದು. ಯಾರೋ ಹೇಳಿದ್ದನ್ನು ಕೇಳಿ ಬರೆಯುತ್ತಿಲ್ಲ, ನಿದ್ದೆಗಣ್ಣಿನಲ್ಲಿ ಕಂಡದ್ದನ್ನೂ ಬರೆಯುತ್ತಿಲ್ಲ. ನನ್ನ ಬಲಗಾಲಿನ ಮೊಣಕಾಲ ಕೆಳಗೆ ಹೊಲಿಗೆ ಹಾಕಿದ ಕಲೆ ಇದೆ. ಕಾರಿನ ಬಂಪರ್ ತಗುಲಿ ಆದದ್ದು. ಅದು ನಮ್ಮದೇ ಕಾರು.

ನಂಬುವವರು ನಂಬಿ. ನಂಬದವರೊಂದಿಗೆ ನನಗೆ ಜಗಳವಿಲ್ಲ, ಏಕೆಂದರೆ ಮೊದಲು ನಾನೂ ಆ ಗುಂಪಿನವಳೇ ಆಗಿದ್ದೆ.

ಊರಿನ ಹೆಸರು ಹೇಳುವುದಿಲ್ಲ. ಅಲ್ಲಿ ಈಗ ಹೊಸ ಮನೆಗಳು ಎದ್ದಿವೆ, ಜನ ಮಾರ್ಟ್‌ಗೇಜ್ ಮಾಡಿ ಕೊಂಡಿದ್ದಾರೆ. ನನ್ನಿಂದ ಅವರ ನಿದ್ದೆ ಕೆಡುವುದು ಬೇಡ. ಇಂಗ್ಲೆಂಡಿನ ಕೊವೆಂಟ್ರಿಯಿಂದ ಬರ್ಮಿಂಗ್‌ಹ್ಯಾಮ್‌ನ ಉತ್ತರದ ಕಡೆಗೆ ಹೋಗುವ ಹಳೆಯ ರಸ್ತೆಯಲ್ಲಿ ಸಿಗುವ ಒಂದು ಸಣ್ಣ ಊರು ಎಂದರೆ ಸಾಕು. ಒಂದು ಚರ್ಚು, ಒಂದು ಚಿಪ್ಸ್ ಅಂಗಡಿ, ಒಂದು ಕೆಫೆ, ಮುಚ್ಚಿದ ಬ್ಯಾಂಕು... ಅಷ್ಟೇ.

ಮನೆ ಕಟ್ಟುವ ಮೊದಲು ನೆಲ ಗಟ್ಟಿಯಿದೆಯೇ ಎಂದು ನೋಡುವುದು ನನ್ನ ಕೆಲಸ. ಹುಬ್ಬಳ್ಳಿಯಲ್ಲಿ ಸಿವಿಲ್ ಓದಿ, ಇಲ್ಲಿಗೆ ಬಂದ ಮೇಲೆ ಮಣ್ಣಿನ ಹಿಂದೆ ಬಿದ್ದವಳು ನಾನು. ನೆಲಕ್ಕೆ ತೂತು ಕೊರೆಸುತ್ತೇನೆ, ಮಣ್ಣು ಎತ್ತಿಸಿ ನೋಡುತ್ತೇನೆ, ಕೊಳವೆ ಇಳಿಸಿ ನೀರು ಎಷ್ಟು ಆಳದಲ್ಲಿದೆ ಎಂದು ಅಳೆಯುತ್ತೇನೆ. ನನ್ನ ಗಂಡ ಶಿವಾನಂದ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಆಪರೇಷನ್‌ಗೆ ಮುಂಚೆ ಹೆದರಿದ ರೋಗಿಯ ಕೈ ಹಿಡಿದು, ಅವರಿಗೆ ನಿದ್ದೆ ಬರುವವರೆಗೆ ಮೆಲ್ಲಗೆ ಮಾತಾಡಿಸುವ ಮನುಷ್ಯ. ಈ ದೇಶಕ್ಕೆ ಬಂದ ಮೇಲೆ ಅವರು ಕಾರಿನ ಹಾರ್ನ್ ಒತ್ತಿದ್ದನ್ನು ನಾನು ಕೇಳಿರಲೇ ಇಲ್ಲ. ಮುಂದಿನ ಗಾಡಿಯವನು ಹಸಿರು ದೀಪ ಬಿದ್ದರೂ ಹೊರಡದಿದ್ದರೆ, "ಪಾಪ, ಏನೋ ವಿಚಾರದಾಗ ಅದಾನ" ಎಂದು ಕಾಯುತ್ತಿದ್ದರು.

ಆ ಹೊಲವನ್ನು ನಾನು ಮೊದಲು ನೋಡಿದ್ದು ಅಕ್ಟೋಬರಿನ ಒಂದು ಬೆಳಗ್ಗೆ, ಕೊರೆಯುವ ಮಷೀನಿನವರ ಜೊತೆ. ಊರಿನಾಚೆ, ರಸ್ತೆಯಿಂದ ಕೆಳಗಿಳಿಯುವ ದೊಡ್ಡ ಇಳಿಜಾರು. ಹುಲ್ಲಿನ ಕೆಳಗೆ ನೆಲ ಅಲೆಅಲೆಯಾಗಿ ಎದ್ದಿತ್ತು, ನಮ್ಮ ಕಡೆಯ ಹೊಲದ ಒಡ್ಡುಗಳ ಹಾಗೆ. ಈ ಭಾಗದಲ್ಲಿ ಅದು ಹೊಸದೇನಲ್ಲ, ನೂರಾರು ವರ್ಷಗಳ ಹಿಂದೆ ಉತ್ತ ಗುರುತುಗಳು ಇನ್ನೂ ಉಳಿದಿರುತ್ತವೆ. ಆದರೆ ಉತ್ತ ಸಾಲು ನೇರ ಇರುತ್ತದೆ. ಇಲ್ಲಿನ ಒಡ್ಡುಗಳು ಬಾಗಿದ್ದವು. ಒಂದರ ಕೆಳಗೊಂದು, ಬಯಲು ರಂಗಮಂದಿರದ ಮೆಟ್ಟಿಲುಗಳಂತೆ, ಎಲ್ಲವೂ ಇಳಿಜಾರಿನ ತಳದ ಒಂದೇ ಜಾಗಕ್ಕೆ ಮುಖ ಮಾಡಿದ್ದವು. ಆ ಜಾಗದಲ್ಲಿ ಮುಳ್ಳುಬಳ್ಳಿ ಮುಚ್ಚಿದ ಎರಡು ದೊಡ್ಡ ಕಾಂಕ್ರೀಟ್ ದಿಮ್ಮಿಗಳು ಬಿಟ್ಟರೆ ಏನೂ ಇರಲಿಲ್ಲ.

ಮಣ್ಣು ಎತ್ತಿಸಿದರೆ ಹುಲ್ಲಿನ ಕೆಳಗೆ ಇದ್ದಿಲ ಬೂದಿ, ಟಾರಿನ ಚೂರು, ಒಡೆದ ಗಾಜು. ಉತ್ತವರು ಯಾರೂ ಟಾರು ಹಾಕುವುದಿಲ್ಲ.

ಮಧ್ಯಾಹ್ನ ಊಟಕ್ಕೆ ಕೆಫೆಗೆ ಹೋದಾಗ ಅಲ್ಲಿನ ಹೆಂಗಸನ್ನು ಕೇಳಿದೆ. ಐವತ್ತು ದಾಟಿದ, ನಗುಮುಖದ ಹೆಂಗಸು.

"ಓ, ಡ್ರೈವ್-ಇನ್ ಹೊಲವಾ?" ಎಂದಳು. "ಅದು ಸಿನಿಮಾ ಟಾಕೀಸು ಆಗಿತ್ತು. ಕಾರಿನಲ್ಲೇ ಕೂತು ನೋಡುವುದು. ನಾನು ಹುಟ್ಟುವ ಮುಂಚಿನ ಮಾತು, ಅಮ್ಮ ಹೇಳುತ್ತಿದ್ದಳು."

ಊರಿನ ಒಬ್ಬ ಲಾರಿ ಡ್ರೈವರ್ ಕೆನಡಾದಲ್ಲಿ ಕೆಲವು ಕಾಲ ಕೆಲಸ ಮಾಡಿ ಬಂದವನಂತೆ. ಅಲ್ಲಿ ನೋಡಿದ್ದನ್ನು ಇಲ್ಲಿ ಮಾಡುತ್ತೇನೆ ಎಂದು ಆ ಹೊಲ ಕೊಂಡನಂತೆ. ಕಾರಿನ ಮುಂದಿನ ಚಕ್ರ ಒಡ್ಡಿನ ಮೇಲೆ ಹತ್ತಿ ನಿಂತರೆ ಒಳಗೆ ಕೂತವರಿಗೆ ಪರದೆ ಸರಿಯಾಗಿ ಕಾಣುತ್ತದೆ. ಅದಕ್ಕಾಗಿ ಅಷ್ಟೂ ಒಡ್ಡುಗಳನ್ನು ಅವನೇ ಎತ್ತಿಸಿದ. ಒಂದೊಂದು ಕಾರಿಗೆ ಒಂದು ಕಂಬ, ಕಂಬಕ್ಕೊಂದು ಸ್ಪೀಕರ್, ಅದನ್ನು ಕಿಟಕಿಗೆ ನೇತುಹಾಕಿಕೊಳ್ಳುವುದು. ಊರೆಲ್ಲ ನಕ್ಕಿತಂತೆ. ಬೇಸಿಗೆಯಲ್ಲಿ ಹತ್ತು ಗಂಟೆಯಾದರೂ ಕತ್ತಲಾಗುವುದಿಲ್ಲ, ಚಳಿಗಾಲದಲ್ಲಿ ಉಸಿರಿಗೇ ಕಿಟಕಿ ಗಾಜು ಮಂಜಾಗುತ್ತದೆ, ಉಳಿದ ದಿನ ಮಳೆ. ಇಂಥ ದೇಶದಲ್ಲಿ ಬಯಲು ಸಿನಿಮಾ! ಆದರೂ ಜನ ಹೋದರು. ನಗುವುದಕ್ಕೇ ಹೋದರೋ ಏನೋ.

"ಆಮೇಲೆ?" ಎಂದೆ.

ಅವಳ ಮುಖದ ನಗು ಆರಿತು. ಒರೆಸಿದ ಮೇಜನ್ನೇ ಮತ್ತೆ ಒರೆಸಿದಳು. "ಆಮೇಲೆ ಮುಚ್ಚಿತು," ಎಂದಳು. "ಇನ್ನೇನಾದರೂ ಬೇಕಾ?"

ಬೇಡ ಎಂದೆ. ಅವಳು ಬಿಲ್ಲು ತಂದಿಟ್ಟ ರೀತಿಯಲ್ಲಿ, ಬೇಗ ಎದ್ದು ಹೋಗು ಎನ್ನುವುದು ಇತ್ತು.

ಅದೇ ಸಂಜೆ ಆ ಮುದುಕನನ್ನು ನೋಡಿದೆ. ಹೊಲದ ಪಕ್ಕದಲ್ಲಿ, ಬೇಲಿಗೆ ಅಂಟಿಕೊಂಡು ಒಂದೇ ಒಂದು ಬಂಗಲೆ ಇತ್ತು. ಇಲ್ಲಿ ಮಹಡಿಯಿಲ್ಲದ ಸಣ್ಣ ಮನೆಗೂ ಬಂಗಲೆ ಎನ್ನುತ್ತಾರೆ. ಅಲ್ಲಿಂದ ನಾಯಿ ಹಿಡಿದುಕೊಂಡು ಬಂದ. ಎತ್ತರದ ಆಳು, ಕೆಂಪು ಮುಖ, ತಗ್ಗಿದ ದನಿ. ನಮಸ್ಕಾರ ಇಲ್ಲ, ಏನಿಲ್ಲ.

"ಆ ಗಾಡಿಯನ್ನು ಅಲ್ಲಿಂದ ತೆಗೆಯಿರಿ," ಎಂದ. ನಮ್ಮ ಕಂಪನಿಯ ವ್ಯಾನು ಒಂದು ಒಡ್ಡಿನ ಮೇಲೆ, ತಳದ ಕಡೆಗೆ ಮೂಗೆತ್ತಿ ನಿಂತಿತ್ತು.

ಅನುಮತಿ ಇದೆ ಎಂದು ಹೇಳಿ ನನ್ನ ಕಾರ್ಡು ತೋರಿಸಿದೆ.

ಅವನು ಕಾರ್ಡು ನೋಡಲಿಲ್ಲ. "ಹಾಗೆ ಮುಖ ಮಾಡಿ ನಿಲ್ಲಿಸಬೇಡಿ. ಕತ್ತಲಾದ ಮೇಲೆ ಇಲ್ಲಿಗೆ ಬರಲೇಬೇಡಿ. ನಿಮ್ಮಂಥವರಿಗೆ ಹೇಳಿದರೆ ಅರ್ಥವಾಗುತ್ತದೋ ಇಲ್ಲವೋ."

ನಿಮ್ಮಂಥವರು! ಈ ಮಾತು ಇಷ್ಟು ವರ್ಷಗಳಲ್ಲಿ ನನಗೆ ಹೊಸದಲ್ಲ. ನನ್ನ ಬಣ್ಣ ನೋಡಿ ಆಡಿದ ಮಾತು ಎಂದುಕೊಂಡೆ. ಮುಖ ತಿರುಗಿಸಿ ಕೆಲಸ ಮುಂದುವರಿಸಿದೆ. ಅವನು ಬಹಳ ಹೊತ್ತು ಬೇಲಿಯ ಹತ್ತಿರ ನಿಂತೇ ಇದ್ದ. ನಾಯಿ ಮಾತ್ರ ಬೇಲಿ ದಾಟಿ ಒಂದು ಹೆಜ್ಜೆಯನ್ನೂ ಇಡಲಿಲ್ಲ.

ಡಿಸೆಂಬರಿನ ಒಂದು ಭಾನುವಾರ. ಸಟನ್ ಕೋಲ್ಡ್‌ಫೀಲ್ಡ್‌ನಲ್ಲಿ ನಮ್ಮ ಕಡೆಯವರೊಬ್ಬರ ಮನೆಯಲ್ಲಿ ಊಟವಿತ್ತು. ನಾನು ಹೋಳಿಗೆ ಮಾಡಿ ಡಬ್ಬಿ ಕಟ್ಟಿದ್ದೆ. ಕಾರಿನ ತುಂಬ ತುಪ್ಪ, ಏಲಕ್ಕಿ ವಾಸನೆ. ನಾಲ್ಕು ಗಂಟೆಗೇ ಬೆಳಕು ಸೋತಿತ್ತು. ಅರ್ಧ ದಾರಿಯಲ್ಲಿ ನನಗೆ ನೆನಪಾಯಿತು, ಆ ಹೊಲದ ಒಂದು ಕೊಳವೆಯ ನೀರಿನ ಮಟ್ಟ ಅಳೆಯುವುದು ಬಾಕಿ. ಮರುದಿನ ರಿಪೋರ್ಟ್ ಹೋಗಬೇಕು. ಅಳೆಯುವ ಟೇಪು ಕಾರಿನ ಡಿಕ್ಕಿಯಲ್ಲೇ ಇತ್ತು.

"ರೀ, ಐದ ನಿಮಿಷದ ಕೆಲಸ. ಹಾದಿ ಮ್ಯಾಲೇ ಐತಿ."

"ಐತವಾರನೂ ಬಿಡೂದಿಲ್ಲೇನು ನಿಮ್ಮ ಆಫೀಸು?" ಶಿವಾನಂದ ನಕ್ಕರು. "ಹೋಳಿಗಿ ಆರಿ ಹೋಗ್ತಾವ ನೋಡು."

"ಆರಿದ್ರೂ ರುಚಿನ ಇರ್ತಾವ. ಹೊಳ್ಳಸ್ರಿ ಗಾಡಿ."

ಗೇಟಿನ ಬೀಗ ನಾನೇ ತೆಗೆದೆ. ಇಳಿಜಾರಿನ ಮೇಲ್ಗಡೆಯ ಕಚ್ಚಾ ದಾರಿಯಲ್ಲಿ ಕಾರು ಒಂದಿಷ್ಟು ಒಳಗೆ ಬಂತು. ಕೆಳಗಡೆ, ಕಾಂಕ್ರೀಟ್ ದಿಮ್ಮಿಗಳ ಹತ್ತಿರ, ಮಂಜು ಹಾಲಿನಂತೆ ತುಂಬಿಕೊಂಡಿತ್ತು. ಮೇಲೆ ಆಕಾಶ ಸ್ವಚ್ಛ.

"ನಾ ಇಲ್ಲೇ ಇರ್ತೀನಿ. ಲೈಟ್ ಹಾಕಿಟ್ಟಿರ್ತೀನಿ, ಹೋಗಿ ಬಾ," ಎಂದರು.

ಲೈಟು ನನಗೆ ದಾರಿ ತೋರಲಿ ಎಂದು ಕಾರನ್ನು ಕೆಳಗಡೆಗೆ ತಿರುಗಿಸಿ ಸ್ವಲ್ಪ ಮುಂದೆ ತಂದರು. ಮುಂದಿನ ಚಕ್ರಗಳು ಒಂದು ಒಡ್ಡು ಹತ್ತಿದವು. ಕಾರು ಮೂಗೆತ್ತಿಕೊಂಡು, ಅಳತೆ ಕೊಟ್ಟು ಮಾಡಿಸಿದ ಪೀಠದ ಮೇಲೆ ಕೂತಂತೆ ಕೂತಿತು. ನಮ್ಮದು ಬ್ಯಾಟರಿ ಕಾರು, ನಿಂತರೆ ಸದ್ದೇ ಇರುವುದಿಲ್ಲ. ನಾನು ಬೂಟು ಬದಲಿಸಿ, ಟಾರ್ಚು, ಟೇಪು ಹಿಡಿದು ಇಳಿದೆ.

ಒಡ್ಡುಗಳನ್ನು ಹತ್ತಿ ಇಳಿದು, ಹತ್ತಿ ಇಳಿದು ತಳಕ್ಕೆ ಬಂದೆ. ಹಸಿ ಹುಲ್ಲಿನ, ಕೊಳೆತ ಎಲೆಯ ವಾಸನೆ. ಕೊಳವೆ ಎರಡು ದಿಮ್ಮಿಗಳ ನಡುವೆ ಸ್ವಲ್ಪ ಮುಂದಕ್ಕೆ ಇತ್ತು. ಮುಚ್ಚಳ ತೆಗೆದು ಟೇಪು ಇಳಿಬಿಟ್ಟೆ. ನೀರಿಗೆ ತಗುಲಿದರೆ ಅದು ಪೀಂ ಎನ್ನುತ್ತದೆ.

ಪೀಂ...

ಓದಿಕೊಂಡೆ. ಖಾತ್ರಿಗೆ ಇನ್ನೊಮ್ಮೆ ಮೇಲೆತ್ತಿ ಇಳಿಸುತ್ತಿದ್ದೆ. ಆಗ ಮೂಗಿಗೆ ಬಡಿದದ್ದು ಬೇರೆ ವಾಸನೆ.

ವಿನೆಗರ್. ಬಿಸಿ ಚಿಪ್ಸ್ ಮೇಲೆ ಸುರಿದ ವಿನೆಗರ್. ಅದರ ಹಿಂದೆಯೇ ಸಿಗರೇಟು, ಒದ್ದೆ ಉಣ್ಣೆಯ ಕೋಟು, ಪೆಟ್ರೋಲು... ಅರ್ಧ ಮೈಲಿ ಸುತ್ತ ಬಂಗಲೆ ಬಿಟ್ಟರೆ ಮನೆಯಿಲ್ಲ. ಗಾಳಿಯೂ ಇರಲಿಲ್ಲ.

ಮುದುಕ ಅಡುಗೆ ಮಾಡುತ್ತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ.

ಆಮೇಲೆ ಸದ್ದು. ಬಹಳ ಮೆಲ್ಲಗೆ. ಯಾರೋ ಕೆಮ್ಮಿದ ಸದ್ದು. ಕಾರಿನ ಬಾಗಿಲು ಧಪ್ಪೆಂದ ಸದ್ದು. ಕಾಗದದ ಪೊಟ್ಟಣದ ಪರಪರ. ಒಂದು ಹೆಣ್ಣಿನ ನಗು, ತಕ್ಷಣ ತಡೆದುಕೊಂಡದ್ದು. ಸಿನಿಮಾ ಶುರುವಾಗುವ ಮೊದಲು ಕತ್ತಲಲ್ಲಿ ಜನ ಕೂತಿರುತ್ತಾರಲ್ಲ... ಆ ಸದ್ದು. ಎಲ್ಲವೂ ನನ್ನ ಬೆನ್ನ ಹಿಂದೆ, ಇಳಿಜಾರಿನ ಉದ್ದಕ್ಕೂ.

ತಿರುಗಬಾರದು ಎನ್ನಿಸಿತು. ತಿರುಗಲಿಲ್ಲ.

ಆಗ ನನ್ನ ಮುಂದಿನ ಮಂಜು ಬೆಳಗಿತು. ನಮ್ಮ ಕಾರಿನ ಲೈಟಲ್ಲ ಅದು. ನಮ್ಮದು ಬೆಳ್ಳಗೆ ಸ್ಥಿರವಾಗಿತ್ತು. ಇದು ಎತ್ತರದಿಂದ ಬಂದು ಪಟಪಟನೆ ಅದುರುತ್ತಿತ್ತು. ಮಂಜಿನ ಮೇಲೆ ನನ್ನದೇ ನೆರಳು ಬಿತ್ತು. ಮನೆಯಷ್ಟು ಎತ್ತರದ ನೆರಳು. ನಾನು ಕೈ ಎತ್ತಿದೆ, ಅದೂ ಎತ್ತಿತು.

ಹಿಂದಿನ ಗುಸುಗುಸು ನಿಂತುಹೋಯಿತು.

ಆಮೇಲೆ... ಹಾರ್ನ್.

ಒಂದೇ ಸಲ, ಚಿಕ್ಕದಾಗಿ. ನಮ್ಮ ಕಾರಿನ ಹಾರ್ನ್. ಬೇಗ ಬಾ ಎನ್ನುತ್ತಿದ್ದಾರೆ ಎಂದುಕೊಂಡು ನಾನು ತಿರುಗಿದೆ. ಎಡಗಡೆಯಿಂದ ಇನ್ನೊಂದು ಹಾರ್ನ್ ಕೇಳಿಸಿತು. ಅದು ನಮ್ಮದಲ್ಲ, ಒರಟಾದ, ಮೂಗಿನಲ್ಲಿ ಕೂಗಿದಂಥ ಹಳೆಯ ಹಾರ್ನ್. ಬಲಗಡೆಯಿಂದ ಮತ್ತೊಂದು. ಮೇಲಿನಿಂದ, ಕೆಳಗಿನಿಂದ... ಒಂದೊಂದು ಒಡ್ಡಿನ ಮೇಲೂ ಜೋಡಿ ಜೋಡಿ ಹಳದಿ ದೀಪಗಳು ಹೊತ್ತಿಕೊಂಡವು, ಆರಿದವು, ಹೊತ್ತಿದವು. ಎಲ್ಲವೂ ನನ್ನ ಕಣ್ಣಿಗೇ.

ಕಾರುಗಳು ಕಾಣಲಿಲ್ಲ. ಬರೀ ದೀಪ. ಬರೀ ಸದ್ದು. ಆ ಸದ್ದು ಕಿವಿಯಿಂದಲ್ಲ, ಎದೆಯಿಂದ ಒಳಗೆ ಹೋಗುತ್ತಿತ್ತು.

ಬೀದಿಯಲ್ಲಿ ಬೈಸಿಕೊಂಡಿದ್ದೇನೆ, ಬಸ್ಸಿನಲ್ಲಿ ಉಗಿಸಿಕೊಂಡಿದ್ದೇನೆ. ಆದರೆ ಇಂಥ ದ್ವೇಷ ನನ್ನ ಮೇಲೆ ಯಾವತ್ತೂ ಬಿದ್ದಿರಲಿಲ್ಲ. ನಾನು ಯಾರೆಂದು ಅವಕ್ಕೆ ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ನಾನು ಅಲ್ಲಿ ನಿಂತಿದ್ದೆ, ಅದೇ ಸಾಕಾಗಿತ್ತು.

ಶಿವಾನಂದರಿಗೆ ಫೋನು ಮಾಡಿದೆ. ಎತ್ತಿದರು.

"ರೀ, ಏನಿದು? ಯಾರಿವರು? ಲಗೂನ ಬರ್ರಿ..."

ಉಸಿರಾಟ ಕೇಳಿಸಿತು. ಆಮೇಲೆ ಅವರ ದನಿ. ಅವರದೇ ದನಿ, ಆದರೆ ಅಪರಿಚಿತಳ ಜೊತೆ ಮಾತಾಡಿದಂತೆ.

"ಅಡ್ಡ ನಿಂತೀಯಲ್ಲ. ಸರಿ ಆಕಡೆ. ನಮಗ ಏನೂ ಕಾಣವಲ್ದು."

ನಮಗ, ಎಂದರು.

ಫೋನಿನೊಳಗೂ ಹಾರ್ನ್, ಹೊರಗೂ ಹಾರ್ನ್. ನಮ್ಮ ಕಾರಿನದು ಈಗ ಬಿಡದೆ ಒಂದೇ ಸಮನೆ ಕೂಗುತ್ತಿತ್ತು. ಓಡಬೇಕು ಎಂದು ಗೊತ್ತು. ಆದರೆ ದೀಪಗಳು ಎಲ್ಲ ಕಡೆಯಿಂದ ಹೊಡೆಯುವಾಗ ಯಾವ ಕಡೆ ಓಡುವುದು? ಎರಡೂ ಕೈ ಮೇಲೆತ್ತಿ, "ಪ್ಲೀಸ್... ಪ್ಲೀಸ್..." ಎಂದು ಕೂಗಿದೆ. ಯಾರಿಗೆ ಕೂಗಿದೆನೋ ನನಗೇ ಗೊತ್ತಿಲ್ಲ.

ನಗು ಕೇಳಿಸಿತು. ಒಬ್ಬರದಲ್ಲ, ಒಂದು ಟಾಕೀಸು ತುಂಬುವಷ್ಟು ಜನರದು.

ಆ ದೀಪಗಳ ನಡುವೆ ಬೆಳ್ಳಗಿನ ಒಂದು ಜೋಡಿ ಮಾತ್ರ ಮೇಲೆದ್ದು, ಕೆಳಗಿಳಿಯಿತು. ಮತ್ತೆ ಮೇಲೆದ್ದು, ಕೆಳಗಿಳಿಯಿತು. ನಮ್ಮ ಕಾರು ಒಡ್ಡುಗಳನ್ನು ಹತ್ತಿ ಇಳಿದು ಬರುತ್ತಿತ್ತು. ಎಂಜಿನ್ನಿನ ಸದ್ದಿಲ್ಲ. ಬ್ಯಾಟರಿ ಕಾರು ನಿಧಾನವಾಗಿ ಹೋಗುವಾಗ ಮಾಡುವ ತೆಳ್ಳಗಿನ ಗುಂಯ್... ಮತ್ತು ಚಕ್ರದ ಕೆಳಗೆ ಒದ್ದೆ ಹುಲ್ಲು ಹರಿಯುವ ಸದ್ದು.

ನನಗೆ ನೆನಪಿರುವುದು, ಟೇಪು ಬಿಟ್ಟು ಪಕ್ಕಕ್ಕೆ ಹಾರಿದ್ದು. ಕಾಲಿಗೆ ಏನೋ ಬಡಿದು ನಾನು ಮುಳ್ಳುಬಳ್ಳಿಯ ಮೇಲೆ ಬಿದ್ದದ್ದು. ಕಾರು ದಿಮ್ಮಿಗೆ ಗುದ್ದಿದ ಸದ್ದು.

ಅಷ್ಟೇ. ಎಲ್ಲ ನಿಂತಿತು. ಹಾರ್ನ್ ಇಲ್ಲ, ದೀಪ ಇಲ್ಲ. ಮಂಜು, ಹುಲ್ಲು, ಕತ್ತಲು. ನಮ್ಮ ಕಾರಿನ ಒಂದು ಲೈಟು ಮಾತ್ರ ಉರಿಯುತ್ತಿತ್ತು.

ಬಾಗಿಲು ತೆಗೆದು ಶಿವಾನಂದ ಓಡಿ ಬಂದರು.

"ವೀಣಾ! ಏನಾತು? ಹ್ಯಾಂಗ ಬಿದ್ದಿ? ಅಯ್ಯ, ರಕ್ತ..."

ಅದು ನನ್ನ ಗಂಡನದೇ ದನಿ. ಕೊರಳಿನ ಮಫ್ಲರ್ ತೆಗೆದು ಕಾಲಿಗೆ ಬಿಗಿದರು.

"ಗಾಡಿ ತಾನ ಉರುಳ್ತು, ವೀಣಾ. ನಂಗ ಗೊತ್ತಾಗಲಿಲ್ಲ. ತಾನ ಉರುಳ್ತು."

ನಾನು ಅವರ ಮುಖವನ್ನೇ ನೋಡಿದೆ.

ಬೇಲಿಯ ಕಡೆಯಿಂದ ಟಾರ್ಚು ಬಂತು. ಮುದುಕ. ನಾಯಿ ಇರಲಿಲ್ಲ. ಅವನು ನನ್ನ ಕಾಲಿನ ಕಡೆ ಟಾರ್ಚು ಹಾಕಲಿಲ್ಲ. ಕಾರಿನ ಕಡೆ ಹಾಕಿದ. ಮುಂದಿನ ಎರಡು ಸೀಟುಗಳನ್ನು ಒಂದಾದ ಮೇಲೊಂದು ನೋಡಿದ. ಅವನ ಬಾಯಿ ತೆರೆದೇ ಇತ್ತು.

"ಹೋಗಿ," ಎಂದ. "ಹೇಳಿದ್ದೆನಲ್ಲ. ಹೋಗಿ ಇಲ್ಲಿಂದ."

ಒಂದು ಲೋಟ ನೀರು ಕೊಡಲಾ ಎನ್ನಲಿಲ್ಲ. ಆಂಬುಲೆನ್ಸ್ ಕರೆಯಲಾ ಎನ್ನಲಿಲ್ಲ. ನಮ್ಮ ಗಾಡಿ ಗೇಟು ದಾಟುವವರೆಗೂ ಅವನ ಟಾರ್ಚು ನಮ್ಮ ಬೆನ್ನ ಮೇಲೇ ಇತ್ತು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡೆ. ಮಂಜಿನಲ್ಲಿ ಗಾಡಿ ಉರುಳಿತು ಎಂದು ಶಿವಾನಂದ ಎಲ್ಲರಿಗೂ ಹೇಳಿದರು, ಸಟನ್ ಕೋಲ್ಡ್‌ಫೀಲ್ಡ್‌ನವರಿಗೂ ಫೋನು ಮಾಡಿ ಅದನ್ನೇ ಹೇಳಿದರು. ನಾನೂ ಹೂಂ ಎಂದೆ. ಆದರೆ ನಮ್ಮ ಕಾರು ಉರುಳುವ ಕಾರಲ್ಲ. ಅದಕ್ಕೆ ಹ್ಯಾಂಡ್‌ಬ್ರೇಕ್ ಎಂಬ ಕೋಲೇ ಇಲ್ಲ. ಬಟನ್ ಒತ್ತಿ ನಿಲ್ಲಿಸಿದರೆ ಚಕ್ರ ಕಟ್ಟಿಹಾಕಿದ ಹಾಗೆ. ಹೊರಡಬೇಕೆಂದರೆ ಬ್ರೇಕು ತುಳಿದು, ಗೇರು ಹಾಕಿ, ಕಾಲು ಒತ್ತಬೇಕು. ಅದೂ ಅಷ್ಟು ಒಡ್ಡುಗಳನ್ನು ಹತ್ತಿಸಿ ಇಳಿಸಬೇಕೆಂದರೆ, ಪ್ರತಿ ಒಡ್ಡಿಗೂ ಒತ್ತಬೇಕು.

ಕೆಲವು ವಾರ ಕಳೆದ ಮೇಲೆ, ಕಾಲು ನೆಟ್ಟಗಾದಾಗ, ಹಗಲು ಹೊತ್ತಿನಲ್ಲಿ ಒಬ್ಬಳೇ ಆ ಮುದುಕನ ಮನೆಗೆ ಹೋದೆ. ನನಗೆ ಗೊತ್ತಾಗಲೇಬೇಕಿತ್ತು. ಬಾಗಿಲನ್ನು ಸರಪಳಿ ಹಾಕಿದಂತೆಯೇ ಸ್ವಲ್ಪ ತೆರೆದ. ಅಷ್ಟು ಸಂದಿನಿಂದಲೇ ಮಾತು.

"ಅಲ್ಲಿ ಏನಾಗಿತ್ತು ಹೇಳಿ," ಎಂದೆ. "ಹೇಳುವವರೆಗೆ ನಾನು ಹೋಗುವುದಿಲ್ಲ."

ಬಾಗಿಲು ಹಾಕಿಬಿಡುತ್ತಾನೆ ಎಂದುಕೊಂಡೆ. ಹಾಕಲಿಲ್ಲ. ನನ್ನ ಕಾಲಿನ ಕಡೆ ನೋಡಿದ, ಮೊದಲ ಸಲ.

"ಮಂಜು ಬಿದ್ದಿತ್ತು," ಎಂದ. "ಅವತ್ತೂ ಹಾಗೇ. ಬೆಳಕು ಪರದೆ ಮುಟ್ಟಲೇ ಇಲ್ಲ, ಮಂಜಿನಲ್ಲೇ ಸಿಕ್ಕಿಕೊಂಡಿತು. ಜನ ದುಡ್ಡು ಕೊಟ್ಟು ಬಂದವರು, ಚಳಿಯಲ್ಲಿ ಕೂತವರು. ಹಾರ್ನ್ ಹೊಡೆಯಲು ಶುರುಮಾಡಿದರು. ಟಾಕೀಸಿನವನು ಪರದೆ ಮುಂದೆ ಬಂದು ನಿಂತ. ಎರಡೂ ಕೈ ಎತ್ತಿ ಕ್ಷಮಿಸಿ, ಕ್ಷಮಿಸಿ ಎಂದ. ನಾಳೆ ಪುಕ್ಕಟೆ ತೋರಿಸುತ್ತೇನೆ ಎಂದ. ಕಾರಿನ ಲೈಟು ಹಾಕಿ ಆರಿಸಿದರೆ ಕಣ್ಣು ಮುಚ್ಚಿಕೊಂಡು ಕುಣಿಯುವನು. ನಾವೆಲ್ಲ ನಕ್ಕೆವು."

ಬಾಗಿಲಿನ ಸರಪಳಿ ಬಿಗಿಯಾಗಿದೆಯೇ ಎಂದು ಮುಟ್ಟಿ ನೋಡಿದ.

"ಆಮೇಲೆ ಒಂದು ಕಾರು ಇಳಿದು ಹೋಯಿತು. ಅವನು ಪರದೆಯ ಬುಡದ ದಿಮ್ಮಿಗೂ ಕಾರಿಗೂ ಮಧ್ಯೆ ಸಿಕ್ಕಿಕೊಂಡ."

"ಯಾರ ಕಾರು?"

"ಹ್ಯಾಂಡ್‌ಬ್ರೇಕ್ ಜಾರಿತು. ಮಂಜಿನಲ್ಲಿ ಯಾರ ಕಾರೆಂದು ಯಾರೂ ನೋಡಲಿಲ್ಲ. ಎಲ್ಲರೂ ಅದನ್ನೇ ಹೇಳಿದೆವು. ಮಾರನೆಯ ದಿನ ಊರವರೇ ಸೇರಿ ಪರದೆ ಇಳಿಸಿದರು, ಕಂಬ ಕಿತ್ತರು. ಆಮೇಲೆ ಈ ಊರಿನಲ್ಲಿ ಆ ಮಾತು ಆಡಿದವರಿಲ್ಲ."

"ನೀವೂ ಅಲ್ಲಿದ್ದಿರಿ."

"ನಾನು ಚಿಕ್ಕವನು. ಅಣ್ಣನ ಕಾರಿನಲ್ಲಿದ್ದೆ. ಅಣ್ಣ ಈಗ ಇಲ್ಲ."

ನಾನು ನೆಲದ ಕೆಲಸ ಮಾಡುವವಳು. ಅವನು ಹೇಳುತ್ತಿದ್ದಂತೆಯೇ ನನ್ನ ತಲೆಯಲ್ಲಿ ಆ ಒಡ್ಡಿನ ಆಕಾರ ಬಂತು. ತಡೆಯಲಾರದೆ ಹೇಳಿಬಿಟ್ಟೆ.

"ಆ ಒಡ್ಡಿನ ಮೇಲೆ ಮೂಗೆತ್ತಿ ನಿಂತ ಕಾರು ಬ್ರೇಕು ಜಾರಿದರೆ ಹಿಂದಕ್ಕೆ ಹೋಗುತ್ತದೆ. ಮುಂದಕ್ಕೆ ಹೋಗುವುದಿಲ್ಲ."

ಸಂದಿಯಲ್ಲಿ ಕಾಣುತ್ತಿದ್ದ ಆ ಅರ್ಧ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. "ಇನ್ನೊಮ್ಮೆ ನನ್ನ ಬಾಗಿಲಿಗೆ ಬಂದರೆ ನಾಯಿ ಬಿಡುತ್ತೇನೆ," ಎಂದ. ಬಾಗಿಲು ಬಡಿದ.

ಇದನ್ನೆಲ್ಲ ನಾನು ಶಿವಾನಂದರಿಗೆ ಹೇಳಲಿಲ್ಲ. ಟಾಕೀಸಿನ ಸಾವು, ಮುದುಕ, ಅವನ ಅಣ್ಣ, ಯಾವುದನ್ನೂ ಹೇಳಲಿಲ್ಲ. ನನ್ನ ಮೇಲೆ ಕಾರು ಹರಿಸಿದೆ ಎಂಬ ಸಂಕಟ ಅವರನ್ನು ತಿನ್ನುತ್ತಿರಬೇಕು ಎಂದುಕೊಂಡು ಆ ಸಂಜೆಯ ಮಾತನ್ನೇ ಮನೆಯಲ್ಲಿ ಎತ್ತಲಿಲ್ಲ. ಆ ಹೊಲಕ್ಕೆ ಆಫೀಸಿನಿಂದ ಬೇರೆಯವರು ಹೋಗಿ ಬಂದರು. ಅವರಿಗೆ ಏನೂ ಆಗಲಿಲ್ಲ. ಅವರು ಹೋದದ್ದು ಹಗಲಲ್ಲಿ. ವಸಂತಕ್ಕೆ ಬುಲ್ಡೋಜರುಗಳು ಬಂದು ಒಡ್ಡುಗಳನ್ನು ಸಪಾಟು ಮಾಡಿದವು.

ಆ ಹೊತ್ತಿನಲ್ಲೇ ಒಂದು ದಿನ ಅಡುಗೆಮನೆಯಲ್ಲಿ ಶಿವಾನಂದ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು. ನಾನು ರೊಟ್ಟಿ ಬಡಿಯುತ್ತಿದ್ದೆ.

"ವೀಣಾ," ಎಂದರು. "ಅವತ್ತಿನ ಒಂದ ಮಾತ ನಿನಗ ಹೇಳಿಲ್ಲ ನಾ."

ನನ್ನ ಕೈ ನಿಂತಿತು.

"ನೀ ನನಗ ಕಾಣಲೇ ಇಲ್ಲ. ಅಲ್ಲೆ ಒಬ್ಬಾಂವ ಗಂಡಸು ನಿಂತಿದ್ದ. ಕೋಟು ಹಾಕ್ಕೊಂಡು, ಎರಡೂ ಕೈ ಮ್ಯಾಲೆತ್ತಿ ಏನೋ ಬೇಡ್ಕೊಳ್ಳಾಕತ್ತಿದ್ದ. ಸುತ್ತ ಎಲ್ಲಾರೂ ಹಾರ್ನ್ ಹೊಡ್ಯಾಕತ್ತಿದ್ರು, ನಾನೂ ಹೊಡದೆ. ಎಲ್ಲಾರೂ ನಗಾಕತ್ತಿದ್ರು..." ಬೆಳ್ಳುಳ್ಳಿಯ ಸಿಪ್ಪೆಯನ್ನು ಬೆರಳಿನಿಂದ ಒಟ್ಟುಮಾಡಿದರು. "ನನಗೂ ನಗು ಬಂತು."

"ಗಾಡಿ ಉರುಳ್ತು ಅಂದ್ರಿ," ಎಂದೆ.

"ಉರುಳಲಿಲ್ಲ. ಬಾಜೂ ಸೀಟಿನ್ಯಾಗ ಕೂತಾಂವ ಅಂದ, ಬಿಡು ಅವನ ಮ್ಯಾಲೆ, ಹೆದರಸೂಣು ಅಂತ. ಬಿಟ್ಟೆ."

"ಬಾಜೂ ಸೀಟಿನ್ಯಾಗ ಯಾರಿದ್ರು?"

ಅವರು ಬಹಳ ಹೊತ್ತು ಯೋಚಿಸಿದರು. ಹೆಸರು ನಾಲಿಗೆಯ ತುದಿಯಲ್ಲಿದ್ದು ಬಾರದವರ ಹಾಗೆ.

"ಸಣ್ಣ ಹುಡುಗ. ಕೆಂಪು ಮುಖದಾಂವ. ನನಗ ಅಣ್ಣಾ ಅಂದ."

ಶಿವಾನಂದರಿಗೆ ತಮ್ಮನಿಲ್ಲ. ಮನೆಗೆ ಅವರೇ ಕಿರಿಯರು.

ಆ ಮುದುಕ ಸತ್ತಿಲ್ಲ. ಹೊಸ ಮನೆಗಳ ಪಕ್ಕದ ಅದೇ ಬಂಗಲೆಯಲ್ಲಿ ನಾಯಿಯ ಜೊತೆ ಇನ್ನೂ ಇದ್ದಾನೆ. ಹಾಗಾದರೆ ನಮ್ಮ ಕಾರಿನಲ್ಲಿ ಕೂತಿದ್ದದ್ದು ಏನು? ಬದುಕಿರುವ ಮನುಷ್ಯನ ಹಳೆಯ ದನಿ ಹೊಲದಲ್ಲಿ ಉಳಿಯುತ್ತದೆಯೇ? ನನಗೆ ಗೊತ್ತಿಲ್ಲ. ಅದರ ಬಗ್ಗೆ ಈಗ ಹೆಚ್ಚು ಯೋಚಿಸುವುದೂ ಇಲ್ಲ.

ಯೋಚಿಸುವುದು ಬೇರೆಯದನ್ನು. ನಗು ಬಂತು ಎಂದಾಗ ಅವರ ತುಟಿಯ ತುದಿಯಲ್ಲಿ ಆ ನಗು ಇನ್ನೂ ಇತ್ತು. ಸಣ್ಣದು. ಅವರಿಗೇ ಗೊತ್ತಿಲ್ಲದೆ ಇದ್ದದ್ದು.

ಶಿವಾನಂದ ಒಳ್ಳೆಯವರು. ಈಗಲೂ ಹಾರ್ನ್ ಒತ್ತುವುದಿಲ್ಲ, ಈಗಲೂ ರೋಗಿಗಳ ಕೈ ಹಿಡಿಯುತ್ತಾರೆ. ಆದರೆ ಅವರು ಸ್ಟೇರಿಂಗ್ ಹಿಡಿದು ಕೂತಿರುವಾಗ ನಾನು ಕಾರಿನ ಮುಂದಿನಿಂದ ಹಾಯುವುದಿಲ್ಲ. ಹಿಂದಿನಿಂದ ಸುತ್ತಿ ಹೋಗಿ ನನ್ನ ಬಾಗಿಲು ತೆಗೆಯುತ್ತೇನೆ.

ಅವರು ಅದನ್ನು ಗಮನಿಸಿದ್ದಾರೆ. ಏಕೆಂದು ಇದುವರೆಗೆ ಕೇಳಿಲ್ಲ.